ಹುಟ್ಟಿದ ಮಕ್ಕಳ ಪಟ್ಟಿ ಹಿಡಿದು ಸಾವಿನ ಲೆಕ್ಕ ಇಳಿಸಿದ ಡಾಕ್ಟರಮ್ಮ: ಸಾರಾ ಜೋಸೆಫಿನ್ ಬೇಕರ್

ಒಂದು ಊರಿನ ಆರೋಗ್ಯ ಹೇಗಿದೆ ಅಂತ ತಿಳಿಯೋಕೆ ಆಸ್ಪತ್ರೆಯ ಕಟ್ಟಡ ನೋಡಿದರೆ ಸಾಲದು. ಹುಟ್ಟಿದ ಸಾವಿರ ಮಕ್ಕಳಲ್ಲಿ ಎಷ್ಟು ಮಕ್ಕಳು ಮೊದಲ ವರ್ಷ ದಾಟಲಿಲ್ಲ, ಬಸಿರು-ಬಾಣಂತನದಲ್ಲಿ ಎಷ್ಟು ತಾಯಂದಿರು ತೀರಿಹೋದರು ಅನ್ನೋ ಎರಡು ಲೆಕ್ಕ ಬೇಕು. ಜಿಲ್ಲಾ ಮಟ್ಟದ ಆರೋಗ್ಯ ಸಭೆಗಳಲ್ಲಿ ಈಗ ಈ ಎರಡು ಅಂಕಿ ತಪ್ಪದೆ ಬರುತ್ತವೆ. ಇಡೀ ದೇಶದ ಅಂಕಿ ಬರಲಿ ಅಂತ ಕಾಯದೆ, ಒಂದು ಊರಿನ ಒಂದು ಮೂಲೆಯ ವಠಾರಗಳಿಗೆ ಈ ಲೆಕ್ಕವನ್ನ ಇಳಿಸಿ, ಅಲ್ಲೇ ಅದನ್ನ ಕಡಿಮೆ ಮಾಡಿ ತೋರಿಸಿದವರು ನ್ಯೂಯಾರ್ಕಿನ ಡಾ. ಸಾರಾ ಜೋಸೆಫಿನ್ ಬೇಕರ್. (ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ನರ್ತಕಿ ಜೋಸೆಫಿನ್ ಬೇಕರ್ ಬೇರೆ, ಇವರು ಬೇರೆ. ಹುಡುಕೋಕೆ ಹೋದರೆ ಮೊದಲು ಸಿಗೋದು ಆ ನರ್ತಕಿಯೇ.)

ಬೇಕರ್ ಹುಟ್ಟಿದ್ದು 1873ರ ನವೆಂಬರ್ 15ರಂದು, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಅನ್ನೋ ಊರಲ್ಲಿ. ಹಡ್ಸನ್ ನದಿ ದಂಡೆಯ ಊರು ಅದು. ತಂದೆ ವಕೀಲರು, ಅನುಕೂಲಸ್ಥರು. ತಾಯಿ ಅದೇ ಊರಿನ ವಾಸರ್ ಮಹಿಳಾ ಕಾಲೇಜಿನಲ್ಲಿ ಓದಿದ ಮೊದಮೊದಲ ತಲೆಮಾರಿನವರು. ಮಗಳೂ ಅಲ್ಲೇ ಓದಬೇಕು, ಆಮೇಲೆ ಮದುವೆಯಾಗಿ ಸುಖವಾಗಿರಬೇಕು ಅನ್ನೋದು ಮನೆಯವರ ಆಸೆ. ಆದರೆ ಜೋಸೆಫಿನ್‌ಗೆ 16 ವರ್ಷ ಆಗಿದ್ದಾಗ ತಮ್ಮ ತೀರಿಕೊಂಡ. ಕೆಲವೇ ತಿಂಗಳಲ್ಲಿ ತಂದೆಯನ್ನೂ ಟೈಫಾಯಿಡ್ ಒಯ್ದಿತು. ಊರಿಗೆ ಕುಡಿಯುವ ನೀರು ಬರುತ್ತಿದ್ದುದು ಹಡ್ಸನ್ ನದಿಯಿಂದಲೇ, ಊರ ಕೊಳೆ ಹೋಗಿ ಸೇರುತ್ತಿದ್ದುದೂ ಅದೇ ನದಿಗೇ.

ಮನೆಯಲ್ಲಿ ದುಡಿಯುವವರು ಇಲ್ಲದಂತಾಯಿತು. ತಾಯಿ ಮತ್ತು ಸೋದರಿಯನ್ನ ಸಾಕುವ ಭಾರ ತನ್ನದು ಅಂತ ತೀರ್ಮಾನಿಸಿದ ಹುಡುಗಿ ಕಾಲೇಜಿನ ಆಸೆ ಬಿಟ್ಟು ಡಾಕ್ಟರ್ ಆಗುತ್ತೇನೆ ಅಂತ ಹಟ ಹಿಡಿದರು. ನೆಂಟರೆಲ್ಲ ಬೇಡ ಅಂದರು. ಹೆಂಗಸು ಡಾಕ್ಟರಾಗೋದಾ ಅಂತ ಮೂಗು ಮುರಿಯುವ ಕಾಲ. ಜೋಸೆಫಿನ್ ಮನೆಯಲ್ಲೇ ಕೂತು ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿಕೊಂಡು ನ್ಯೂಯಾರ್ಕಿನ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. ಅಮೆರಿಕದ ಮೊದಲ ಮಹಿಳಾ ವೈದ್ಯೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಮತ್ತು ಅವರ ತಂಗಿ ಎಮಿಲಿ ಕಟ್ಟಿದ ಕಾಲೇಜು ಅದು.

ಆ ಕಾಲೇಜಿನಲ್ಲಿ ಬೇಕರ್ ನಪಾಸಾದದ್ದು ಒಂದೇ ಒಂದು ವಿಷಯದಲ್ಲಿ. ಅದು ಆರೋಗ್ಯವಂತ ಮಗುವಿನ ಬಗೆಗಿನ ಪಾಠ. ಕಾಯಿಲೆ ಇಲ್ಲದ ಮಗುವಿನಲ್ಲಿ ಓದೋಕೆ ಏನಿದೆ ಅಂತ ಉಡಾಫೆ ಮಾಡಿದ್ದಕ್ಕೆ ಸಿಕ್ಕ ಫಲ. ಮತ್ತೊಮ್ಮೆ ಅದೇ ಪಾಠಕ್ಕೆ ಕೂರಬೇಕಾಯಿತು. ಈ ಸಲ ಮನಸ್ಸಿಟ್ಟು ಓದಿದರು, ಮಗು ಹೇಗೆ ಬೆಳೆಯುತ್ತೆ, ಏನು ತಿಂದರೆ ಒಗ್ಗುತ್ತೆ, ಎಷ್ಟು ಗಾಳಿ ಬೇಕು ಅನ್ನೋದೆಲ್ಲ ತಲೆಗೆ ಹೊಕ್ಕಿತು. ಮುಂದೆ ಅವರ ಇಡೀ ಬದುಕು ನಡೆದದ್ದು ಆ ಒಂದು ಪಾಠದ ಮೇಲೇ.

1898ರಲ್ಲಿ ಪದವಿ. ಬೋಸ್ಟನ್ನಿನಲ್ಲಿ ಒಂದು ವರ್ಷ ಆಸ್ಪತ್ರೆ ಕೆಲಸ ಮುಗಿಸಿ ನ್ಯೂಯಾರ್ಕಿಗೆ ಬಂದು ಗೆಳತಿಯ ಜೊತೆ ದವಾಖಾನೆ ತೆರೆದರು. ಮೊದಲ ವರ್ಷದ ಸಂಪಾದನೆ 185 ಡಾಲರ್. ಅಷ್ಟರಲ್ಲಿ ಬಾಡಿಗೆ ಕಟ್ಟೋದೇ ಕಷ್ಟ. 1901ರಲ್ಲಿ ನಗರದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಪರೀಕ್ಷೆ ಬರೆದರು. ಪಾಸಾಗಿ, ತಿಂಗಳಿಗೆ 30 ಡಾಲರ್ ಸಂಬಳದ ಶಾಲಾ ತಪಾಸಣೆ ಕೆಲಸ ಸಿಕ್ಕಿತು.

ವಠಾರದ ಮೆಟ್ಟಿಲುಗಳು

1902ರ ಬೇಸಿಗೆಯಲ್ಲಿ ಅವರಿಗೆ ಕಾಯಿಲೆ ಬಿದ್ದ ಹಸುಗೂಸುಗಳನ್ನ ಹುಡುಕೋ ಕೆಲಸ ಬಿತ್ತು. ಜಾಗ ನ್ಯೂಯಾರ್ಕಿನ ಪಶ್ಚಿಮ ಭಾಗದ ಹೆಲ್ಸ್ ಕಿಚನ್, ಅಂದರೆ ನರಕದ ಅಡುಗೆಮನೆ. ಹೆಸರಿಗೆ ತಕ್ಕ ಹಾಗೇ ಇತ್ತು. ಐದಾರು ಅಂತಸ್ತಿನ ವಠಾರಗಳು, ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ, ಗಾಳಿ ಬೆಳಕು ಕಾಣದ ಒಳಕೋಣೆಗಳು. ಸೆಕೆಗೆ ಬೇಸತ್ತ ಜನ ಮಾಳಿಗೆ ಮೇಲೆ, ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಮಲಗುತ್ತಿದ್ದರು. ಇಡೀ ದಿನ ಮೆಟ್ಟಿಲು ಹತ್ತಿ ಇಳಿದು ಬೇಕರ್ ನೋಡಿದ್ದು ಒಂದೇ ನೋಟ: ಭೇದಿಯಾಗಿ ಒಣಗಿದ ಕೂಸು, ಪಕ್ಕದಲ್ಲಿ ಕೈಕಟ್ಟಿ ಕೂತ ತಾಯಿ. ಆ ತಾಯಂದಿರಿಗೆ ಕರುಳು ಇರಲಿಲ್ಲ ಅಂತಲ್ಲ. ಬೇಸಿಗೆ ಬಂತಂದ್ರೆ ಕೂಸುಗಳು ಹೋಗ್ತವೆ, ಅದು ದೇವರಿಚ್ಛೆ ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಡಾಕ್ಟರು ಬರುವ ಹೊತ್ತಿಗೆ ಮಗುವಿನ ಕಥೆ ಮುಗಿದಿರುತ್ತಿತ್ತು, ಔಷಧಿ ಕೊಟ್ಟರೂ ಪ್ರಯೋಜನ ಇರಲಿಲ್ಲ.

ಬೇಸಿಗೆಗೂ ಸಾವಿಗೂ ಏನು ನಂಟು? ಹಾಲು. ಹಳ್ಳಿಗಳಿಂದ ರೈಲಿನಲ್ಲಿ ಬರುತ್ತಿದ್ದ ಹಾಲು ಅಂಗಡಿಯ ತೆರೆದ ಕ್ಯಾನಿನಲ್ಲಿ ದಿನವಿಡೀ ಇರುತ್ತಿತ್ತು, ನೊಣ ಮುತ್ತುತ್ತಿತ್ತು. ಹಾಲನ್ನ ಬಿಸಿಮಾಡಿ ಕ್ರಿಮಿ ಕೊಂದು ಮಾರಬೇಕು ಅನ್ನೋ ಕಡ್ಡಾಯ ಇನ್ನೂ ಬಂದಿರಲಿಲ್ಲ. ಗಾರ್ಮೆಂಟ್ ಕೆಲಸಕ್ಕೆ ಹೋಗುವ ತಾಯಿ ಮಗುವಿಗೆ ಆ ಹಾಲನ್ನೇ ಕುಡಿಸಬೇಕಾಗಿತ್ತು. ಎದೆಹಾಲು ಕುಡಿದ ಕೂಸಿಗೂ ಬಾಟಲಿ ಹಾಲು ಕುಡಿದ ಕೂಸಿಗೂ ಇದ್ದ ಅಂತರ ಅಕ್ಷರಶಃ ಜೀವ-ಸಾವಿನ ಅಂತರ.

ನಡುವೆ ಬೇಕರ್ ಹೆಸರನ್ನ ಪತ್ರಿಕೆಗಳಿಗೆ ತಂದದ್ದು ಬೇರೊಂದು ಪ್ರಸಂಗ. 1907ರಲ್ಲಿ ಮೇರಿ ಮ್ಯಾಲನ್ ಎಂಬ ಐರಿಷ್ ಅಡುಗೆ ಹೆಂಗಸು ಕೆಲಸ ಮಾಡಿದ ಮನೆಗಳಲ್ಲೆಲ್ಲ ಟೈಫಾಯಿಡ್ ಕಾಣಿಸಿಕೊಂಡಿತ್ತು. ಆಕೆಯ ರಕ್ತ, ಮಲಮೂತ್ರದ ಮಾದರಿ ತರೋಕೆ ಬೇಕರ್ ಅವರನ್ನ ಕಳಿಸಿದರು. ಮೊದಲ ದಿನ ಮೇರಿ ಬಾಗಿಲಲ್ಲೇ ಹೊರಟುಹೋಗು ಅಂದಳು. ಪೊಲೀಸರ ಜೊತೆ ಮತ್ತೆ ಹೋದಾಗ ಉದ್ದನೆಯ ಅಡುಗೆ ಫೋರ್ಕ್ ಹಿಡಿದು ಮೈಮೇಲೆ ಬಿದ್ದಳು, ಆಮೇಲೆ ಮಾಯವಾದಳು. ಗಂಟೆಗಟ್ಟಲೆ ಹುಡುಕಿದ ಮೇಲೆ ಒಂದು ಗೂಡಿನ ಬಾಗಿಲಿಗೆ ಸಿಕ್ಕಿಕೊಂಡ ಸೀರೆಸೆರಗಿನಂಥ ಬಟ್ಟೆಯ ತುದಿ ಕಂಡು ಆಕೆಯನ್ನ ಹಿಡಿದರು. ಆಸ್ಪತ್ರೆ ತನಕ ಆಂಬುಲೆನ್ಸಿನಲ್ಲಿ ಬೇಕರ್ ಆಕೆಯ ಮೇಲೆ ಕೂತೇ ಬಂದರು. ಟೈಫಾಯಿಡ್‌ನಿಂದ ಅಪ್ಪನನ್ನ ಕಳೆದುಕೊಂಡ ಮಗಳು ಇದನ್ನ ಯಾವ ಮನಸ್ಸಿನಿಂದ ಮಾಡಿರಬಹುದು ಅಂತ ಊಹಿಸಬಹುದು. ಆದರೆ ಕಾಯಿಲೆಯ ಒಂದು ಲಕ್ಷಣವೂ ಇಲ್ಲದ, ತಾನೇನು ತಪ್ಪು ಮಾಡಿದೆ ಅಂತ ಗೊತ್ತಿಲ್ಲದ ಒಬ್ಬ ಬಡ ಹೆಂಗಸನ್ನ ಎರಡು ಸಲ ಸೇರಿ ಸುಮಾರು 26 ವರ್ಷ ದ್ವೀಪದಲ್ಲಿ ಕೂಡಿಹಾಕಿದ ಆ ಕಥೆ ಹೆಮ್ಮೆಪಡುವಂಥದ್ದಲ್ಲ. ಮುಂದಿನ ವರ್ಷ ಬೇಕರ್ ಹಿಡಿದ ದಾರಿಯಲ್ಲಿ ಪೊಲೀಸರ ಪಾತ್ರವೇ ಇರಲಿಲ್ಲ.

ನಿನ್ನೆ ಹುಟ್ಟಿದ ಮಗುವಿನ ವಿಳಾಸ

1908ರ ಬೇಸಿಗೆಯಲ್ಲಿ ಶಾಲೆಗಳಿಗೆ ರಜೆ. ಶಾಲಾ ನರ್ಸುಗಳಿಗೆ ಕೆಲಸ ಇರಲಿಲ್ಲ. ಅವರಲ್ಲಿ 30 ಜನರನ್ನ ತನಗೆ ಕೊಡಿ ಅಂತ ಬೇಕರ್ ಕೇಳಿಕೊಂಡರು. ನಗರದ ಪೂರ್ವ ಭಾಗದಲ್ಲಿ ವಲಸೆ ಬಂದ ಇಟಾಲಿಯನ್ನರು ಒತ್ತೊತ್ತಾಗಿ ಇದ್ದ, ಶಿಶು ಮರಣ ತೀರಾ ಜಾಸ್ತಿ ಇದ್ದ ಒಂದು ಪ್ರದೇಶ ಆರಿಸಿಕೊಂಡರು.

ಜನನ ನೋಂದಣಿ ಕಚೇರಿಯಿಂದ ಅವರಿಗೆ ಬೇಕಾಗಿದ್ದು ಒಂದೇ: ಹಿಂದಿನ ದಿನ ನೋಂದಣಿಯಾದ ಪ್ರತಿ ಮಗುವಿನ ಹೆಸರು, ವಿಳಾಸ. ಪಟ್ಟಿ ದಿನಾ ಬರತೊಡಗಿತು. ಪಟ್ಟಿ ಬಂದ ಕೂಡಲೇ ನರ್ಸ್ ಆ ಮನೆ ಬಾಗಿಲು ತಟ್ಟಬೇಕು. ಮಗುವಿಗೆ ಕಾಯಿಲೆ ಇದೆಯಾ ಅಂತ ನೋಡೋಕಲ್ಲ, ಕಾಯಿಲೆ ಬರದ ಹಾಗೆ ಹೇಗೆ ನೋಡಿಕೊಳ್ಳಬೇಕು ಅಂತ ತಾಯಿಗೆ ಹೇಳಿಕೊಡೋಕೆ. ಆದಷ್ಟೂ ಎದೆಹಾಲನ್ನೇ ಕುಡಿಸು, ದಿನಾ ಸ್ನಾನ ಮಾಡಿಸು, ಕಿಟಕಿ ತೆಗಿ, ಸೆಕೆಯಲ್ಲಿ ಕೂಸಿಗೆ ಬಟ್ಟೆ ಸುತ್ತಿ ಸುತ್ತಿ ಇಡಬೇಡ, ಸಂಜೆ ಪಾರ್ಕಿಗೆ ಎತ್ತಿಕೊಂಡು ಹೋಗು. ಅಷ್ಟೇ. ಇದರಲ್ಲಿ ಒಂದೂ ಹೊಸ ವಿದ್ಯೆಯಲ್ಲ. ಹೊಸದು ಅಂದ್ರೆ ಹೇಳುವ ಸಮಯ, ಕೂಸು ಇನ್ನೂ ಗಟ್ಟಿಮುಟ್ಟಾಗಿ ಇರುವಾಗಲೇ ಹೇಳೋದು.

ಈಗ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರಲ್ಲ, ಅದನ್ನ ನೋಡಿದವರಿಗೆ ಆ ನರ್ಸುಗಳ ಕೆಲಸ ಏನಂತ ಬಿಡಿಸಿ ಹೇಳಬೇಕಿಲ್ಲ.

ಬೇಸಿಗೆ ಮುಗಿದ ಮೇಲೆ ಲೆಕ್ಕ ಹಾಕಿದರು. ಆ ಪ್ರದೇಶದಲ್ಲಿ ಹಿಂದಿನ ಬೇಸಿಗೆಗಿಂತ 1,200 ಸಾವು ಕಡಿಮೆ. ಈ ವರ್ಷ ಸೆಕೆ ಕಡಿಮೆ ಇತ್ತು, ಅದಕ್ಕೆ ಕಮ್ಮಿ ಆಗಿದೆ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅದಕ್ಕೂ ಉತ್ತರ ಇತ್ತು. ನಗರದ ಉಳಿದ ಕಡೆ ಅದೇ ಸೆಕೆ, ಅದೇ ಹಾಲು, ಸಾವಿನ ಪ್ರಮಾಣ ಇಳಿದಿರಲಿಲ್ಲ. ಇಡೀ ನಗರಕ್ಕೆ ಒಂದೇ ಸರಾಸರಿ ತೆಗೆದಿದ್ದರೆ ಈ ವ್ಯತ್ಯಾಸ ಅದರಲ್ಲಿ ಕರಗಿಹೋಗುತ್ತಿತ್ತು. ಪ್ರದೇಶವಾರು ಲೆಕ್ಕ ಇದ್ದದ್ದರಿಂದಲೇ ಕಣ್ಣಿಗೆ ಬಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಶಿಶು ಮರಣ ಪ್ರಮಾಣ ಅಂದರೆ ಜೀವಂತ ಹುಟ್ಟಿದ ಪ್ರತಿ 1,000 ಮಕ್ಕಳಿಗೆ ವರ್ಷದೊಳಗೆ ಸತ್ತವರೆಷ್ಟು ಅನ್ನೋದು. ಸಾವನ್ನ ಎಲ್ಲರೂ ಬರೆಸುತ್ತಾರೆ, ಯಾಕಂದ್ರೆ ಹೂಳೋಕೆ ಚೀಟಿ ಬೇಕು. ಹುಟ್ಟನ್ನ ಬರೆಸೋರು ಕಡಿಮೆ. ಹುಟ್ಟೇ ದಾಖಲಾಗದಿದ್ದರೆ ಭಾಗಿಸೋದು ಯಾವುದರಿಂದ? ಅಮೆರಿಕದಂಥ ದೇಶದಲ್ಲೇ ಜನನ ನೋಂದಣಿ ಪ್ರದೇಶ ಅಂತ ಶುರುವಾದದ್ದು 1915ರಲ್ಲಿ, ಅದೂ ಕೆಲವು ರಾಜ್ಯಗಳಲ್ಲಿ. ಆಗ ಅಲ್ಲಿ ಸಾವಿರಕ್ಕೆ ಸುಮಾರು 100 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಎಲ್ಲ ರಾಜ್ಯಗಳೂ ಆ ಪಟ್ಟಿಗೆ ಬಂದದ್ದು 1933ಕ್ಕೆ. (ಹೋಲಿಕೆಗೆ ಬೇಕಿದ್ದರೆ, ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2020ರಲ್ಲಿ ಭಾರತದ ಪ್ರಮಾಣ 28, ಕರ್ನಾಟಕದ್ದು 19.) ಉಳಿದವರು ಜನನ ಪಟ್ಟಿಯನ್ನ ವರ್ಷದ ಕೊನೆಗೆ ಕೂಡಿಸಿ ಕಳೆಯುವ ಕಡತ ಅಂದುಕೊಂಡಿದ್ದಾಗ, ಬೇಕರ್ ಅದನ್ನ ನಾಳೆ ಬೆಳಿಗ್ಗೆ ಹೋಗಬೇಕಾದ ಮನೆಗಳ ಪಟ್ಟಿ ಅಂತ ನೋಡಿದರು.

ಇಲಾಖೆಯೊಳಗಿನ ಗುದ್ದಾಟ

ಅದೇ ವರ್ಷ ನ್ಯೂಯಾರ್ಕ್ ಆರೋಗ್ಯ ಇಲಾಖೆಯಲ್ಲಿ ಮಕ್ಕಳ ಆರೋಗ್ಯಕ್ಕಂತಲೇ ಒಂದು ವಿಭಾಗ ತೆರೆದು ಬೇಕರ್ ಅವರನ್ನ ಮುಖ್ಯಸ್ಥೆ ಮಾಡಿದರು. ಜನರ ತೆರಿಗೆ ದುಡ್ಡಿನಲ್ಲಿ ಇಂಥ ವಿಭಾಗ ನಡೆದದ್ದು ಅದೇ ಮೊದಲು. ಅವರ ಕೈಕೆಳಗೆ ಹಾಕಿದ ಆರು ಗಂಡಸು ಡಾಕ್ಟರುಗಳು ಹೆಂಗಸಿನ ಕೆಳಗೆ ಕೆಲಸ ಮಾಡಲ್ಲ ಅಂತ ರಾಜೀನಾಮೆಗೆ ಮುಂದಾದರು. ಒಂದು ತಿಂಗಳು ನೋಡಿ, ಆಮೇಲೂ ಬೇಡ ಅನಿಸಿದರೆ ಹೋಗಿ ಅಂದರು ಬೇಕರ್. ತಿಂಗಳು ಕಳೆಯಿತು, ಯಾರೂ ಹೋಗಲಿಲ್ಲ. ಬೇಕರ್ ಕಚೇರಿಗೆ ಯಾವತ್ತೂ ಗಂಡಸರ ಥರ ಕೋಟು, ಗಟ್ಟಿ ಕಾಲರಿನ ಶರಟು, ಟೈ ಹಾಕಿಕೊಂಡೇ ಹೋಗುತ್ತಿದ್ದರು. ಜೊತೆ ಕೆಲಸ ಮಾಡೋರು ಇವರು ಹೆಂಗಸು ಅನ್ನೋದನ್ನೇ ಮರೆತರೆ ಕೆಲಸ ಸಲೀಸು ಅನ್ನೋದು ಅವರ ಲೆಕ್ಕಾಚಾರ.

ಆಮೇಲಿನ 15 ವರ್ಷ ಮಾಡಿದ ಕೆಲಸಗಳ ಪಟ್ಟಿ ಉದ್ದ ಇದೆ. ಶುದ್ಧ ಹಾಲು ಕೊಡುವ ಕೇಂದ್ರಗಳನ್ನ ಬಡಾವಣೆಗಳಲ್ಲಿ ತೆರೆಸಿದರು. ತಾಯಿ ಕೆಲಸಕ್ಕೆ ಹೋದಾಗ ಕೂಸನ್ನ ನೋಡಿಕೊಳ್ಳೋದು ಹತ್ತು-ಹನ್ನೆರಡು ವರ್ಷದ ಅಕ್ಕಂದಿರು ಅನ್ನೋದನ್ನ ಗಮನಿಸಿ, ಅಕ್ಕನನ್ನ ಬೈಯುವ ಬದಲು ಪುಟ್ಟ ತಾಯಂದಿರ ಸಂಘ ಅಂತ ಕಟ್ಟಿ ಶಾಲೆಯಲ್ಲೇ ಶಿಶುಪಾಲನೆ ಹೇಳಿಕೊಟ್ಟರು. ಕೂಸಿನ ತಲೆ ಮೇಲಿಂದ ಎಳೆದು ಹಾಕುವ ಅಂಗಿಯ ಬದಲು ಮುಂದೆ ಗುಂಡಿ ಇರುವ ಅಂಗಿಯ ನಮೂನೆ ಮಾಡಿದರು, ಅದನ್ನ ಒಂದು ದೊಡ್ಡ ಬಟ್ಟೆ ನಮೂನೆ ಕಂಪನಿ ಮಾರಾಟಕ್ಕೂ ತಂತು.

ಕಣ್ಣಿನ ಹನಿಯ ವಿಚಾರ ಇದರಲ್ಲೆಲ್ಲ ಚೆಂದದ್ದು. ತಾಯಿಗೆ ಗೊನೊರಿಯಾ ಇದ್ದರೆ ಹೆರಿಗೆ ಹೊತ್ತಲ್ಲಿ ಮಗುವಿನ ಕಣ್ಣಿಗೆ ಸೋಂಕು ತಗುಲಿ ಕುರುಡಾಗುತ್ತಿತ್ತು. ತಡೆಯೋಕೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕುತ್ತಿದ್ದರು. ಆದರೆ ಬಾಟಲಿ ಒಮ್ಮೆ ತೆರೆದರೆ ದ್ರಾವಣ ಕೆಡುತ್ತಿತ್ತು, ಇಲ್ಲವೇ ನೀರು ಆರಿ ಖಾರವಾಗಿ ಕಣ್ಣನ್ನೇ ಸುಡುತ್ತಿತ್ತು. ಒಂದು ಕಣ್ಣಿಗೆ ಎಷ್ಟು ಬೇಕೋ ಅಷ್ಟನ್ನೇ ಜೇನುಮೇಣದ ಪುಟ್ಟ ಗುಳಿಗೆಯಲ್ಲಿ ತುಂಬಿಸಿ ಸೂಲಗಿತ್ತಿಯರ ಕೈಗೆ ಕೊಟ್ಟರು. ಚುಚ್ಚಿ ಹಿಂಡಿದರೆ ಆಯಿತು.

ಸೂಲಗಿತ್ತಿಯರ ವಿಷಯದಲ್ಲೂ ಬೇಕರ್ ಬೇರೆ ಡಾಕ್ಟರುಗಳ ಹಾಗೆ ಯೋಚಿಸಲಿಲ್ಲ. ಅವರನ್ನ ಓಡಿಸಿ ಅನ್ನೋದು ವೈದ್ಯರ ಕೂಗಾಗಿತ್ತು. ಬಡ ಇಟಾಲಿಯನ್ ಹೆಂಗಸು ಗಂಡಸು ಡಾಕ್ಟರನ್ನ ಹೆರಿಗೆ ಕೋಣೆಗೆ ಬಿಟ್ಟುಕೊಳ್ಳಲ್ಲ, ಅಂಥ ಡಾಕ್ಟರಿಗೆ ಕೊಡೋಕೆ ದುಡ್ಡೂ ಇಲ್ಲ ಅನ್ನೋದು ಮೆಟ್ಟಿಲು ಹತ್ತಿ ಇಳಿದವರಿಗೆ ಗೊತ್ತಿತ್ತು. ಅದಕ್ಕೇ ಸೂಲಗಿತ್ತಿಯರಿಗೆ ಲೈಸೆನ್ಸ್, ತಪಾಸಣೆ, ತರಬೇತಿ ಅಂತ ದಾರಿ ಮಾಡಿದರು. 1911ರಲ್ಲಿ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ನಗರಾಡಳಿತವೇ ಸೂಲಗಿತ್ತಿಯರ ಶಾಲೆ ತೆರೆಯಿತು.

ಸಾವು ಇಳಿದಿದ್ದು ಎಲ್ಲರಿಗೂ ಖುಷಿ ತಂದಿತಾ ಅಂದರೆ, ಇಲ್ಲ. ಬ್ರೂಕ್ಲಿನ್ನಿನ ಮೂವತ್ತಕ್ಕೂ ಹೆಚ್ಚು ಡಾಕ್ಟರುಗಳು ಮೇಯರ್‌ಗೆ ಅರ್ಜಿ ಕೊಟ್ಟರು. ಮಕ್ಕಳ ವಿಭಾಗ ಕೂಸುಗಳನ್ನ ಆರೋಗ್ಯವಾಗಿ ಇಡುತ್ತಿರೋದರಿಂದ ತಮ್ಮ ಪ್ರಾಕ್ಟೀಸ್ ಹಾಳಾಗುತ್ತಿದೆ, ವಿಭಾಗವನ್ನ ಮುಚ್ಚಬೇಕು ಅನ್ನೋದು ಅವರ ದೂರು. ಬೇಕರ್ ಅದನ್ನ ತನ್ನ ವಿಭಾಗಕ್ಕೆ ಸಿಕ್ಕ ದೊಡ್ಡ ಶಹಬ್ಬಾಸ್ ಅಂತಲೇ ತೆಗೆದುಕೊಂಡರು.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೊತೆ ನಡೆದದ್ದು ಇನ್ನೊಂದು ತಮಾಷೆ. ಮಕ್ಕಳ ಆರೋಗ್ಯದ ಬಗ್ಗೆ ಪಾಠ ಮಾಡಿ ಅಂತ ಕರೆದರು. ಅದೇ ಕೋರ್ಸಿಗೆ ವಿದ್ಯಾರ್ಥಿಯಾಗಿ ಸೇರಿಸಿಕೊಂಡು ಪದವಿ ಕೊಟ್ಟರೆ ಬರುತ್ತೇನೆ ಅಂದರು ಬೇಕರ್. ಹೆಂಗಸರಿಗೆ ಪ್ರವೇಶ ಇಲ್ಲ ಅಂತ ಡೀನ್ ಉತ್ತರ. ಹಾಗಿದ್ದರೆ ಪಾಠವೂ ಇಲ್ಲ. ವರ್ಷವಿಡೀ ಹುಡುಕಿದರೂ ಆ ವಿಷಯ ಬಲ್ಲ ಬೇರೆ ಯಾರೂ ಸಿಗದೆ ಡೀನ್ ಸೋತರು. ಬೇಕರ್ ಪಾಠವನ್ನೂ ಮಾಡಿದರು, 1917ರಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟನ್ನೂ ಪಡೆದರು.

ಅದೇ ವರ್ಷ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಊರೆಲ್ಲ ಸೈನಿಕರ ಸಾವಿನ ಚಿಂತೆಯಲ್ಲಿ ಇದ್ದಾಗ ಬೇಕರ್ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು, ಫ್ರಾನ್ಸಿನ ಕಂದಕದಲ್ಲಿ ನಿಂತ ಸೈನಿಕನಿಗಿಂತ ಅಮೆರಿಕದ ತೊಟ್ಟಿಲಲ್ಲಿರುವ ಕೂಸಿನ ಜೀವಕ್ಕೇ ಅಪಾಯ ಜಾಸ್ತಿ ಅಂತ ಪತ್ರಿಕೆಯವರಿಗೆ ತೋರಿಸಿದರು. ಹತ್ತು ವರ್ಷದ ವರದಿಗಳು ಮಾಡದ ಕೆಲಸವನ್ನ ಆ ಒಂದು ಹೋಲಿಕೆ ಮಾಡಿತು.

ಇಳಿಯದ ಇನ್ನೊಂದು ಅಂಕಿ

1923ರಲ್ಲಿ ಬೇಕರ್ ನಿವೃತ್ತರಾದಾಗ ಅಮೆರಿಕದ ದೊಡ್ಡ ನಗರಗಳಲ್ಲೇ ನ್ಯೂಯಾರ್ಕಿನ ಶಿಶು ಮರಣ ಪ್ರಮಾಣ ಎಲ್ಲಕ್ಕಿಂತ ಕಡಿಮೆ ಇತ್ತು. ಸುಮ್ಮನೆ ಕೂರಬಹುದಿತ್ತು. ಆದರೆ ಅವರನ್ನ ಕಾಡಿದ್ದು ಪಕ್ಕದ ಅಂಕಿ. ಕೂಸುಗಳ ಸಾವು ವರ್ಷ ವರ್ಷ ಇಳಿಯುತ್ತಿದ್ದರೂ ತಾಯಂದಿರ ಸಾವು ಮಾತ್ರ ಅಲುಗಾಡಿರಲಿಲ್ಲ. 1920ರ ದಶಕದ ಅಮೆರಿಕದಲ್ಲಿ ಪ್ರತಿ 1,000 ಹೆರಿಗೆಗೆ 6ರಿಂದ 7 ತಾಯಂದಿರು ಸಾಯುತ್ತಿದ್ದರು. ಈಗ ಲಕ್ಷಕ್ಕೆ ಇಷ್ಟು ಅಂತ ಹೇಳೋ ಲೆಕ್ಕದಲ್ಲಿ ಅದು 600-700. ಕರ್ನಾಟಕದ 2018-20ರ ಪ್ರಮಾಣ 69.

ಒಂದು ಇಳಿದು ಇನ್ನೊಂದು ಯಾಕೆ ಇಳಿಯಲಿಲ್ಲ? ಎರಡೂ ಅಳೆಯೋದು ಒಂದೇ ಊರನ್ನ, ಆದರೆ ಬೇರೆ ಬೇರೆ ಜಾಗವನ್ನ. ತಿಂಗಳುಗಟ್ಟಲೆ ಬದುಕಿ ಆಮೇಲೆ ಸಾಯುವ ಕೂಸಿನ ಹಿಂದೆ ಇರೋದು ನೀರು, ಹಾಲು, ಮನೆ, ತಾಯಿಯ ಕೂಲಿ. ಬಾಣಂತಿಯ ಸಾವಿನ ಹಿಂದೆ ಇರೋದು ಹೆರಿಗೆಯ ಆ ಕೆಲವು ಗಂಟೆ, ಕೆಲವು ದಿನ: ತೊಳೆಯದ ಕೈ, ಅವಸರಕ್ಕೆ ಹಾಕಿದ ಇಕ್ಕಳ, ನಿಲ್ಲದ ರಕ್ತಸ್ರಾವ, ಬಾಣಂತಿ ನಂಜು. ಮನೆಗೆ ಹೋಗುವ ನರ್ಸ್ ಹಾಲಿನ ಪಾತ್ರೆ ಮುಚ್ಚಿಸಬಲ್ಲಳು, ಹೆರಿಗೆ ಮಾಡಿಸುವ ಡಾಕ್ಟರ ಕೈ ತೊಳೆಸುವ ಅಧಿಕಾರ ಅವಳಿಗಿಲ್ಲ. 1927ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬೇಕರ್ ದೇಶದ ತಾಯಂದಿರ ಮರಣದ ಬಗ್ಗೆಯೇ ಲೇಖನ ಬರೆದರು. ತಾಯಿ ಸತ್ತಾಗಲೆಲ್ಲ ಸೂಲಗಿತ್ತಿಯನ್ನ ದೂರುವುದು ಸುಲಭ, ಅಂಕಿಅಂಶ ಅದನ್ನ ಹೇಳಲ್ಲ ಅನ್ನೋದು ಅವರು ಬಹಳ ಹಿಂದಿನಿಂದ ಹಿಡಿದ ನಿಲುವು. ಡಾಕ್ಟರುಗಳಿಗೆ ಅದು ಹಿಡಿಸಲಿಲ್ಲ.

ಕೊನೆಯ ವರ್ಷಗಳನ್ನ ಅವರು ಕಾದಂಬರಿಗಾರ್ತಿ ಗೆಳತಿ ಐ.ಎ.ಆರ್. ವೈಲಿ ಜೊತೆ ನ್ಯೂಜೆರ್ಸಿಯ ತೋಟದ ಮನೆಯಲ್ಲಿ ಕಳೆದರು. 1939ರಲ್ಲಿ ಆತ್ಮಕಥೆ ಹೊರಬಂತು. ಅಷ್ಟು ಹೊತ್ತಿಗೆ ಸಲ್ಫಾ ಔಷಧಿಗಳು ಬಂದು ಬಾಣಂತಿ ನಂಜಿಗೆ ಮದ್ದು ಸಿಕ್ಕಿತ್ತು, ಹೆರಿಗೆಯ ಮೇಲಿನ ನಿಗಾ ಬಿಗಿಯಾಗಿತ್ತು, ತಾಯಂದಿರ ಸಾವಿನ ಅಂಕಿ ಕೊನೆಗೂ ಕೆಳಗಿಳಿಯಲು ಶುರುವಾಗಿತ್ತು. 1945ರ ಫೆಬ್ರವರಿ 22ರಂದು ಕ್ಯಾನ್ಸರ್‌ನಿಂದ ಬೇಕರ್ ತೀರಿಕೊಂಡರು, ಆಗ ಅವರಿಗೆ 71 ವರ್ಷ. ಆ ವರ್ಷ ಅಮೆರಿಕದಲ್ಲಿ ಸತ್ತ ತಾಯಂದಿರು ಸಾವಿರ ಹೆರಿಗೆಗೆ ಸುಮಾರು 2.